ಸೆರೆಯಾಳುಗಳ ಬಂಧು: ಕೊರಿಯಾದ ರಾಯಭಾರಿ ಯಿ ಯೆ

ಕೊರಿಯಾ ದೇಶದ ಆಗ್ನೇಯ ಕರಾವಳಿಯಲ್ಲಿ ಉಲ್ಸಾನ್ ಎಂಬ ಬಂದರು ನಗರವಿದೆ. ಹಡಗು ಕಟ್ಟುವ ಕಾರ್ಖಾನೆಗಳಿಂದಲೂ ಮೋಟಾರು ವಾಹನಗಳ ತಯಾರಿಕೆಯಿಂದಲೂ ಜಗತ್ಪ್ರಸಿದ್ಧವಾಗಿರುವ ಈ ಊರು ಆರು ಶತಮಾನಗಳ ಹಿಂದೆ ಕಡಲ್ಗಳ್ಳರ ಭೀತಿಯಿಂದ ತತ್ತರಿಸುತ್ತಿದ್ದ ಒಂದು ಗಡಿಯೂರಾಗಿತ್ತು. 1380ರಲ್ಲಿ ಸಮುದ್ರದ ಕಡೆಯಿಂದ ಬಂದ ದರೋಡೆಕೋರರು ಇಲ್ಲಿಯ ಎಂಟು ವರ್ಷದ ಬಾಲಕನೊಬ್ಬನ ತಾಯಿಯನ್ನು ಸೆರೆಹಿಡಿದು ಒಯ್ದರು. ಆ ಬಾಲಕನ ಹೆಸರು ಯಿ ಯೆ. ಮುಂದೆ ಆತನು ನಾಲ್ವತ್ತಕ್ಕೂ ಹೆಚ್ಚು ಬಾರಿ ಅದೇ ಸಮುದ್ರವನ್ನು ದಾಟಿ ಹೋಗಿ, ಆರು ನೂರಕ್ಕೂ ಮಿಕ್ಕಿದ ಸೆರೆಯಾಳುಗಳನ್ನು ತಾಯ್ನಾಡಿಗೆ ಮರಳಿ ತಂದನು. ತನ್ನ ತಾಯಿಯನ್ನು ಮಾತ್ರ ತರಲಾಗಲಿಲ್ಲ. ಈ ಮಹನೀಯನ ಜೀವಿತವನ್ನು ಸಂಕ್ಷೇಪವಾಗಿ ನಿರೂಪಿಸಿ, ಆ ಕಾಲದ ಕಡಲ್ಗಳ್ಳರನ್ನು ಕುರಿತು ವಿದ್ವಾಂಸರು ನಡೆಸಿರುವ ವಾದವಿವಾದಗಳನ್ನು ಅದರ ಬೆಳಕಿನಲ್ಲಿ ಮರುವಿಮರ್ಶಿಸುವುದು ಈ ಲೇಖನದ ಉದ್ದೇಶ.

ಯಿ ಯೆ ಹುಟ್ಟಿದ್ದು 1373ರಲ್ಲಿ. ಆಗ ಕೊರಿಯಾವನ್ನು ಗೋರ್ಯೊ ರಾಜವಂಶವು ಆಳುತ್ತಿತ್ತು. ಜಪಾನಿನ ಕಡೆಯಿಂದ ಬರುತ್ತಿದ್ದ ದರೋಡೆಕೋರರನ್ನು ಕೊರಿಯನ್ನರು ವೇಗು ಎಂದು ಕರೆದರು; ಅದೇ ಪದವನ್ನು ಜಪಾನೀಯರು ವಾಕೋ ಎಂದು ಉಚ್ಚರಿಸುತ್ತಾರೆ. ಇವರ ದಾಳಿಯ ಉಲ್ಲೇಖವು 1223ರಷ್ಟು ಹಿಂದಿನಿಂದಲೇ ದೊರೆಯುತ್ತದೆಯಾದರೂ ಅದು ಭೀಕರ ಸ್ವರೂಪವನ್ನು ತಾಳಿದ್ದು 1350ರಿಂದ ಈಚೆಗೆ. ಜಪಾನಿನಲ್ಲಿ ಆಗ ಉತ್ತರ ಮತ್ತು ದಕ್ಷಿಣದ ಎರಡು ರಾಜಾಸ್ಥಾನಗಳು ಪರಸ್ಪರ ಹೋರಾಡುತ್ತಿದ್ದವು. ಪಶ್ಚಿಮದ ಕ್ಯೂಶೂ ಪ್ರಾಂತ್ಯದಲ್ಲಿ ಯಾರ ಆಜ್ಞೆಯೂ ಪೂರ್ಣವಾಗಿ ನಡೆಯುತ್ತಿರಲಿಲ್ಲ. ಕ್ಯೂಶೂವಿಗೂ ಕೊರಿಯಾಕ್ಕೂ ನಡುವೆ ಇರುವ ತ್ಸುಶಿಮಾ ದ್ವೀಪವು ಬಹುತೇಕ ಬೆಟ್ಟಗಾಡು. ಉಳುವ ಭೂಮಿ ಅತ್ಯಲ್ಪ. ಅಲ್ಲಿಂದ ಕೊರಿಯಾದ ತೀರಕ್ಕೆ ಕೇವಲ ಐವತ್ತು ಕಿಲೋಮೀಟರುಗಳಷ್ಟು ದೂರ. ತ್ಸುಶಿಮಾ, ಇಕಿ ಮತ್ತು ಕ್ಯೂಶೂವಿನ ಮತ್ಸೂರಾ ತೀರಗಳಿಂದ ಹೊರಟ ದೋಣಿಗಳು ಕೊರಿಯಾದ ಕಂದಾಯದ ಅಕ್ಕಿಯನ್ನು ಸಾಗಿಸುವ ಹಡಗುಗಳನ್ನೂ ತೀರದ ಕಣಜಗಳನ್ನೂ ಸೂರೆಮಾಡಿದವು. ಅಕ್ಕಿಯೊಡನೆ ಮನುಷ್ಯರನ್ನೂ ಹೊತ್ತೊಯ್ದವು. ಸೆರೆಸಿಕ್ಕವರು ದುಡಿಮೆಯಾಳುಗಳಾದರು, ಮಾರಾಟದ ಸರಕಾದರು.

ಯಿ ಯೆಯ ತಾಯಿ ಅಪಹೃತಳಾದ 1380ನೆಯ ವರ್ಷವು ಕೊರಿಯಾದ ಚರಿತ್ರೆಯಲ್ಲಿ ಸ್ಮರಣೀಯವಾದುದು. ಆ ವರ್ಷ ಐನೂರು ಹಡಗುಗಳ ದರೋಡೆಕೋರ ಪಡೆಯೊಂದು ಪಶ್ಚಿಮ ತೀರದ ಜಿನ್‌ಪೋ ಎಂಬಲ್ಲಿ ಲಂಗರು ಹಾಕಿತೆಂದು ಗೋರ್ಯೊ ಚರಿತ್ರೆ ಹೇಳುತ್ತದೆ. ಚೋಯ್ ಮುಸೋನ್ ಎಂಬ ತಜ್ಞನು ಸಿದ್ಧಪಡಿಸಿದ ಮದ್ದುಗುಂಡಿನ ಆಯುಧಗಳಿಂದ ಆ ಹಡಗುಗಳನ್ನು ಸುಡಲಾಯಿತು. ಒಳನಾಡಿಗೆ ನುಗ್ಗಿದ್ದ ದರೋಡೆಕೋರರನ್ನು ಹ್ವಾಂಗ್‌ಸಾನ್ ಎಂಬಲ್ಲಿ ಸೋಲಿಸಿದ ಸೇನಾನಿಯೇ ಯಿ ಸೋಂಗ್‌ಗ್ಯೆ. ಹನ್ನೆರಡು ವರ್ಷಗಳ ಅನಂತರ, 1392ರಲ್ಲಿ, ಈ ಸೇನಾನಿಯು ಗೋರ್ಯೊ ವಂಶವನ್ನು ಕೊನೆಗಾಣಿಸಿ ಜೋಸೋನ್ ರಾಜವಂಶವನ್ನು ಸ್ಥಾಪಿಸಿದನು. ಕಡಲ್ಗಳ್ಳರ ಹಾವಳಿಯು ಒಂದು ರಾಜವಂಶದ ಪತನಕ್ಕೂ ಮತ್ತೊಂದರ ಉದಯಕ್ಕೂ ಕಾರಣಗಳಲ್ಲೊಂದಾಯಿತೆಂಬುದು ಇದರಿಂದ ವಿದಿತವಾಗುತ್ತದೆ.

ತಾಯಿಯಿಲ್ಲದೆ ಬೆಳೆದ ಯಿ ಯೆ ಉಲ್ಸಾನಿನ ಸರಕಾರಿ ಕಚೇರಿಯಲ್ಲಿ ಗುಮಾಸ್ತನಾದನು. ಸ್ಥಳೀಯ ಗುಮಾಸ್ತಗಿರಿಯು ಅಂದಿನ ಕೊರಿಯಾದಲ್ಲಿ ವಂಶಪಾರಂಪರ್ಯವಾಗಿ ಬಂದ ಊಳಿಗ. ಅದರಿಂದ ಮೇಲೇರುವುದು ಸುಲಭಸಾಧ್ಯವಾಗಿರಲಿಲ್ಲ. ಆದರೆ ಚಾಂದ್ರಮಾನದ ಲೆಕ್ಕದಂತೆ 1396ರ ಕೊನೆಯ ತಿಂಗಳಲ್ಲಿ ನಡೆದ ಘಟನೆಯೊಂದು ಆತನ ಬಾಳಿನ ಗತಿಯನ್ನೇ ಬದಲಿಸಿತು. ಮೂರು ಸಾವಿರ ಮಂದಿಯ ಕಡಲ್ಗಳ್ಳರ ಪಡೆಯೊಂದು ಶರಣಾಗತವಾಗುವೆವೆಂದು ಹೇಳಿಕೊಂಡು ಬಂದಿತು. ಮಾತುಕತೆಯ ನಡುವೆ ಪರಸ್ಪರ ಸಂಶಯವುಂಟಾಗಿ, ಅವರು ಉಲ್ಸಾನಿನ ಅಧಿಪತಿಯಾಗಿದ್ದ ಯಿ ಉನ್ ಎಂಬವನನ್ನು ಹಿಡಿದುಕೊಂಡು ಪರಾರಿಯಾದರು. ಕಚೇರಿಯ ನೌಕರರೆಲ್ಲ ಓಡಿ ಅಡಗಿಕೊಂಡರು. ಯಿ ಯೆ ಮತ್ತು ಪಾರ್ಕ್ ಜುನ್ ಎಂಬ ಮತ್ತೊಬ್ಬ ಗುಮಾಸ್ತ ಇವರಿಬ್ಬರು ಮಾತ್ರ ಕಚೇರಿಯ ಬೆಳ್ಳಿಯ ಪಾತ್ರೆಗಳನ್ನು ತೆಗೆದುಕೊಂಡು ಕಡಲ್ಗಳ್ಳರ ಹಡಗುಗಳನ್ನು ಬೆನ್ನಟ್ಟಿ, ತಮ್ಮ ಅಧಿಪತಿಯಿರುವ ಹಡಗಿನಲ್ಲಿಯೇ ತಮ್ಮನ್ನೂ ಇರಗೊಡಬೇಕೆಂದು ಬೇಡಿಕೊಂಡರು.

ತ್ಸುಶಿಮಾ ತಲುಪಿದ ಮೇಲೆ ಸೆರೆಯಾಳುಗಳನ್ನು ಕೊಲ್ಲಬೇಕೇ ಎಂಬ ಚರ್ಚೆ ಕಡಲ್ಗಳ್ಳರಲ್ಲಿ ನಡೆಯಿತು. ಅಂಥ ಸ್ಥಿತಿಯಲ್ಲಿಯೂ ಯಿ ಯೆ ತನ್ನ ಅಧಿಪತಿಯ ಮುಂದೆ ಕಚೇರಿಯಲ್ಲಿ ಹೇಗೋ ಹಾಗೆಯೇ ನಿಂತು, ಬಾಗಿ, ಮರ್ಯಾದೆಯ ಕ್ರಮವನ್ನು ಕಿಂಚಿತ್ತೂ ಬಿಡದೆ ಪಾಲಿಸಿದನು. ಇದನ್ನು ಕಂಡವರ ಮನಸ್ಸು ಕರಗಿತು. ಇಂಥವರನ್ನು ಕೊಂದರೆ ಶ್ರೇಯಸ್ಸಾಗದೆಂದು ಅವರು ಹಿಂಜರಿದರೆಂದು ರಾಜವೃತ್ತಾಂತವು ತಿಳಿಸುತ್ತದೆ. ಬೆಳ್ಳಿಯ ಪಾತ್ರೆಗಳೂ ತಮ್ಮ ಕೆಲಸವನ್ನು ಮಾಡಿದವು ಎಂಬುದನ್ನು ವೃತ್ತಾಂತಕಾರನು ಮುಚ್ಚಿಟ್ಟಿಲ್ಲ. ಕೊನೆಗೆ ಕೊರಿಯಾದ ಆಸ್ಥಾನವು ಕಳುಹಿಸಿದ ಸಂಧಾನಕಾರನ ಪ್ರಯತ್ನದಿಂದ 1397ರಲ್ಲಿ ಅವರು ಸ್ವದೇಶಕ್ಕೆ ಮರಳಿದರು. ಆಸ್ಥಾನವು ಯಿ ಯೆಯನ್ನು ಗುಮಾಸ್ತ ಊಳಿಗದಿಂದ ಬಿಡುಗಡೆ ಮಾಡಿ ರಾಜಸೇವೆಯ ಅಧಿಕಾರವನ್ನು ಕೊಟ್ಟಿತು.

ಅಧಿಕಾರ ದೊರೆತ ಯಿ ಯೆಯ ಮನಸ್ಸಿನಲ್ಲಿ ಇದ್ದುದು ಒಂದೇ ಆಸೆ. 1400ರಲ್ಲಿ ಜಪಾನಿನ ದ್ವೀಪಗಳಿಗೆ ಹೊರಟಿದ್ದ ರಾಯಭಾರಿಯೊಡನೆ ತಾನೂ ಹೋಗಲು ಅನುಮತಿ ಬೇಡಿ, ಅಲ್ಲಿ ಮನೆಮನೆಯನ್ನೂ ಹೊಕ್ಕು ತಾಯಿಯನ್ನು ಹುಡುಕಿದನು. ಆಕೆ ಅಗಲಿ ಇಪ್ಪತ್ತು ವರ್ಷಗಳು ಕಳೆದಿದ್ದವು. ಆಕೆಯ ಸುಳಿವು ದೊರೆಯಲಿಲ್ಲ. ಆದರೆ ಆ ಹುಡುಕಾಟದಲ್ಲಿ ಯಿ ಯೆ ಬೇರೆಯವರ ತಾಯಂದಿರನ್ನೂ ಮಕ್ಕಳನ್ನೂ ಕಂಡನು. ಜೊತೆಯ ರಾಯಭಾರಿಯನ್ನು ತ್ಸುಶಿಮಾದಲ್ಲಿ ತಡೆಹಿಡಿದಾಗ ಎದೆಗುಂದದೆ, ಕಾಣಿಕೆಗಳನ್ನು ತಾನೇ ಹೊತ್ತು ಇಕಿ ದ್ವೀಪಕ್ಕೆ ಹೋಗಿ, ಅಲ್ಲಿಯ ಒಡೆಯನೊಡನೆ ಸೆರೆಯಾಳುಗಳ ಬಿಡುಗಡೆಯ ಮಾತುಕತೆ ನಡೆಸಿದನು. ಮರುವರ್ಷ, 1401ರಲ್ಲಿ, ಇಕಿಗೆ ಮತ್ತೆ ಹೋದಾಗ ತ್ಸುಶಿಮಾದಲ್ಲಿ ಅಂತಃಕಲಹ ನಡೆದಿತ್ತು. ಆತನ ಹಡಗು ಕೈತಪ್ಪಿತು. ಆದರೂ ಐವತ್ತು ಮಂದಿ ಸೆರೆಯಾಳುಗಳನ್ನು ಜಪಾನೀಯನೊಬ್ಬನ ಹಡಗಿನಲ್ಲಿಯೇ ಕರೆತಂದನು. ಆ ಜಪಾನೀಯನಿಗೆ ಕೊರಿಯಾದ ಅರಸನು ಅಕ್ಕಿಯನ್ನು ಬಹುಮಾನವಾಗಿ ಕೊಟ್ಟನು. 1410ರ ವೇಳೆಗೆ ಹೀಗೆ ಮರಳಿ ತಂದವರ ಸಂಖ್ಯೆ ಐನೂರನ್ನು ಮೀರಿತ್ತು.

ಕಾಲಕ್ರಮದಲ್ಲಿ ಸೆರೆಯಾಳುಗಳ ಮಾರಾಟದ ಜಾಲವು ಎಷ್ಟು ದೂರ ಹಬ್ಬಿತ್ತೆಂಬುದು ತಿಳಿದುಬಂದಿತು. ದಕ್ಷಿಣದ ರ್ಯೂಕ್ಯೂ ದ್ವೀಪರಾಜ್ಯದಲ್ಲಿ, ಎಂದರೆ ಇಂದಿನ ಓಕಿನಾವಾದಲ್ಲಿ, ಕೊರಿಯಾದಿಂದ ಒಯ್ದು ಮಾರಲ್ಪಟ್ಟ ಅನೇಕರಿದ್ದರು. 1416ರಲ್ಲಿ ಅರಸ ತೇಜೋಂಗನು ಯಿ ಯೆಯನ್ನು ಅಲ್ಲಿಗೆ ಕಳುಹಿಸಬಯಸಿದನು. ವರ್ಷದ ಆರಂಭದಲ್ಲಿ ಹೊರಟವನು ಅದೇ ವರ್ಷದ ಏಳನೆಯ ತಿಂಗಳಿನಲ್ಲಿ 44 ಮಂದಿಯೊಡನೆ ಹಿಂದಿರುಗಿದನು. ಅವರಲ್ಲಿ ಒಬ್ಬನು ಹದಿನಾಲ್ಕನೆಯ ವಯಸ್ಸಿನಲ್ಲಿ ಸೆರೆಸಿಕ್ಕವನು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಬಳಿಕ ಊರು ಸೇರಿದಾಗ ತಾಯಿತಂದೆಗಳಿಬ್ಬರೂ ತೀರಿಕೊಂಡಿದ್ದರು. ತಡವಾಗಿಯಾದರೂ ಅವರಿಗಾಗಿ ಶೋಕಾಚರಣೆ ಮಾಡಲು ಆತನು ಅರಸನ ಅನುಮತಿ ಬೇಡಿದನು, ಅನುಮತಿ ದೊರೆಯಿತು. ತಾಯಿಯನ್ನು ಕಳೆದುಕೊಂಡ ಮಗನೊಬ್ಬನು ಇಂಥ ಮತ್ತೊಬ್ಬ ಮಗನನ್ನು ಹಡಗಿನಲ್ಲಿ ಕರೆತಂದ ಆ ಪ್ರಯಾಣದ ಕುರಿತು ಅರಸನ ವೃತ್ತಾಂತದಲ್ಲಿ ಕೆಲವೇ ಸಾಲುಗಳಿವೆ.

ಯಿ ಯೆಯನ್ನು ಕೇವಲ ಶಾಂತಿದೂತನೆಂದು ಬಣ್ಣಿಸುವುದು ಸತ್ಯಕ್ಕೆ ಅಪಚಾರವೆಸಗಿದಂತೆ. 1418ರಲ್ಲಿ ತ್ಸುಶಿಮಾದ ಒಡೆಯ ಸೋ ಸದಾಶಿಗೆ ಮರಣಹೊಂದಿದನು. ಕೊರಿಯಾದೊಡನೆ ಸೌಹಾರ್ದದಿಂದಿದ್ದು, ದರೋಡೆಯನ್ನು ಹತ್ತಿಕ್ಕಲು ಯತ್ನಿಸಿದವನು ಈತ. ಆಸ್ಥಾನದ ಪರವಾಗಿ ಸಂತಾಪ ಸಲ್ಲಿಸಲು ಹೋದವನು ಯಿ ಯೆಯೇ. ಆದರೆ ಮರುವರ್ಷವೇ ಕಡಲ್ಗಳ್ಳರು ಮತ್ತೆ ಕೊರಿಯಾದ ತೀರದ ಮೇಲೆ ಎರಗಿದರು. 1419ರಲ್ಲಿ ಸೇನಾನಿ ಯಿ ಜೋಂಗ್‌ಮುವಿನ ನೇತೃತ್ವದಲ್ಲಿ 227 ಹಡಗುಗಳೂ 17,285 ಯೋಧರೂ ತ್ಸುಶಿಮಾದ ಮೇಲೆ ದಂಡೆತ್ತಿ ಹೋದರು. ಆ ದಂಡಿನಲ್ಲಿ ಯಿ ಯೆಯೂ ಇದ್ದನು. ದ್ವೀಪದ ಮನೆಗಳು ಸಾವಿರಗಟ್ಟಲೆ ಬೂದಿಯಾದವು. ಕಡಲ್ಗಳ್ಳರ ಸೆರೆಯಲ್ಲಿದ್ದ 131 ಮಂದಿ ಚೀನೀಯರು ಬಿಡುಗಡೆ ಹೊಂದಿದರು. ಒಳನಾಡಿನ ಕಾಳಗವೊಂದರಲ್ಲಿ ಕೊರಿಯಾದ ಪಡೆಯೂ ನಷ್ಟವನ್ನನುಭವಿಸಿ ಹಿಂದೆ ಸರಿಯಿತು. ಮರುವರ್ಷ ಜಪಾನಿಗೆ ಹೋದ ಸೋಂಗ್ ಹೀಗ್ಯೋಂಗ್ ಎಂಬ ರಾಯಭಾರಿಯು ತ್ಸುಶಿಮಾದ ತೀರದಲ್ಲಿ ಚೀನೀ ಸೆರೆಯಾಳೊಬ್ಬನನ್ನು ಕಂಡುದನ್ನೂ, ಅವನ ಒಡೆಯನು ಅಕ್ಕಿ ಕೊಟ್ಟರೆ ಅವನನ್ನು ಮಾರಲು ಸಿದ್ಧನಿದ್ದುದನ್ನೂ ತನ್ನ ಪ್ರವಾಸ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಖಡ್ಗದಿಂದ ಭಯವನ್ನು ಹುಟ್ಟಿಸಬಹುದು. ಹಸಿವನ್ನು ಹಿಂಗಿಸಲಾಗದು ಎಂಬ ಪಾಠವನ್ನು ಕೊರಿಯಾದ ಆಸ್ಥಾನವು ಈ ದಂಡಯಾತ್ರೆಯ ಅನಂತರ ಕಲಿತಂತೆ ತೋರುತ್ತದೆ.

ಕೊರಿಯಾದ ಲಿಪಿಯನ್ನು ರೂಪಿಸಿದ ಕೀರ್ತಿಗೆ ಪಾತ್ರನಾದ ಅರಸ ಸೆಜೋಂಗನ ಕಾಲದಲ್ಲಿ ಯಿ ಯೆಯ ಸೇವೆಯು ಪಕ್ವಾವಸ್ಥೆಯನ್ನು ಮುಟ್ಟಿತು. 1422, 1424 ಮತ್ತು 1428ರಲ್ಲಿ ಜಪಾನಿನ ಶೋಗುನನ ಬಳಿಗೆ ಹೋದ ನಿಯೋಗಗಳಲ್ಲಿ ಆತನು ಉಪರಾಯಭಾರಿಯಾಗಿದ್ದನು. ಈ ಮೂರು ಪ್ರಯಾಣಗಳಿಂದ ಎಪ್ಪತ್ತಕ್ಕೂ ಹೆಚ್ಚು ಮಂದಿ ಮರಳಿದರು. 1432ರಲ್ಲಿ ಆತನೇ ಮುಖ್ಯ ರಾಯಭಾರಿಯಾದನು. ಗುಮಾಸ್ತನ ಮಗ್ಗುಲಿನಿಂದ ಎದ್ದವನಿಗೆ ಇದು ಅಸಾಧಾರಣವಾದ ಏಳಿಗೆ. 1426ರಲ್ಲಿ ಮತ್ತೆ ಕಡಲು ದಾಟಲು ಹೇಳಬೇಕಾಗಿ ಬಂದಾಗ, ಆ ನಾಡನ್ನು ಅರಿಯದವರನ್ನು ಕಳುಹಿಸಲಾಗದ ಕಾರಣ ನಿನ್ನನ್ನೇ ಕಳುಹಿಸುತ್ತಿರುವೆನೆಂದೂ, ಇದನ್ನು ಬೇಸರವೆಂದು ಎಣಿಸಬಾರದೆಂದೂ ಅರಸನೇ ಸಮಾಧಾನ ಹೇಳಿದ್ದು ದಾಖಲಾಗಿದೆ. ಯಿ ಯೆ ಕಣ್ತೆರೆದು ಸಂಚರಿಸಿದವನು. 1430ರಲ್ಲಿ ಆತನು ಅರಸನಿಗೆ ಸಲ್ಲಿಸಿದ ಬಿನ್ನಹದಲ್ಲಿ ಚೀನ, ರ್ಯೂಕ್ಯೂ ಮತ್ತು ಜಪಾನಿನ ಹಡಗುಗಳು ಕಬ್ಬಿಣದ ಮೊಳೆಗಳಿಂದ ಸಾವಕಾಶವಾಗಿ ಕಟ್ಟಲ್ಪಟ್ಟು ಗಟ್ಟಿಯಾಗಿಯೂ ಹಗುರವಾಗಿಯೂ ಇರುವುದನ್ನೂ, ಕೊರಿಯಾದವು ಮರದ ಮೊಳೆಗಳಿಂದ ಆತುರದಲ್ಲಿ ಕಟ್ಟಲ್ಪಡುವುದನ್ನೂ ಹೋಲಿಸಿ ತೋರಿಸಿದನು.

ಬಲಪ್ರಯೋಗದ ಬದಲು ನಿಯಂತ್ರಿತ ವ್ಯಾಪಾರಕ್ಕೆ ಅವಕಾಶ ಕೊಟ್ಟು ಕಡಲ್ಗಳ್ಳತನದ ಬೇರನ್ನೇ ಒಣಗಿಸುವುದು ಸೆಜೋಂಗನ ಆಸ್ಥಾನದ ನೀತಿಯಾಯಿತು. ಕೊರಿಯಾಕ್ಕೆ ಬರುವ ಹಡಗುಗಳು ತ್ಸುಶಿಮಾದ ಒಡೆಯನಿಂದ ರಹದಾರಿ ಪತ್ರವನ್ನು ತರತಕ್ಕದ್ದೆಂಬ ವ್ಯವಸ್ಥೆಯನ್ನು ದೃಢಪಡಿಸುವ ಸಂಬಂಧದಲ್ಲಿ ಯಿ ಯೆ 1438ರಲ್ಲಿ ಅಲ್ಲಿಗೆ ಹೋಗಿಬಂದನು. 1443ರಲ್ಲಿ ಕಡಲ್ಗಳ್ಳರು ಮತ್ತೆ ಜನರನ್ನು ಹೊತ್ತೊಯ್ದ ಸುದ್ದಿ ಬಂದಿತು. ಆಗ ಯಿ ಯೆಗೆ 71 ವರ್ಷ. ಯಾರೂ ಕೇಳದಿದ್ದರೂ ತಾನೇ ಮುಂದೆ ಬಂದು ಈ ಕಾರ್ಯಕ್ಕೆ ತನ್ನನ್ನು ಕಳುಹಿಸಬೇಕೆಂದು ಬೇಡಿದನು. ತ್ಸುಶಿಮಾಕ್ಕೆ ಹೋಗಿ ಸೆರೆಸಿಕ್ಕಿದ್ದ ಏಳು ಮಂದಿಯನ್ನೂ, ಅವರನ್ನು ಒಯ್ದಿದ್ದ ಹದಿನಾಲ್ಕು ಮಂದಿ ದರೋಡೆಕೋರರನ್ನೂ ತಂದು ಒಪ್ಪಿಸಿದನು. ಅದೇ ವರ್ಷ ಆದ ಒಪ್ಪಂದದಂತೆ ತ್ಸುಶಿಮಾದಿಂದ ವರ್ಷಕ್ಕೆ 50 ಹಡಗುಗಳು ವ್ಯಾಪಾರಕ್ಕೆ ಬರಬಹುದೆಂದೂ, ಕೊರಿಯಾವು ದ್ವೀಪದ ಒಡೆಯನಿಗೆ ವರ್ಷಕ್ಕೆ 200 ಸೋಕ್ ಅಳತೆಯ ಅಕ್ಕಿ ಹಾಗೂ ಕಾಳನ್ನು ಕೊಡತಕ್ಕದ್ದೆಂದೂ ಗೊತ್ತುಪಡಿಸಲಾಯಿತು. ಈ ಒಪ್ಪಂದದ ಶ್ರೇಯಸ್ಸು ಯಿ ಯೆಗೆ ಎಷ್ಟು, ಅದೇ ವರ್ಷ ಶೋಗುನನ ಬಳಿಗೆ ಹೋಗಿದ್ದ ಬ್ಯೋನ್ ಹ್ಯೋಮುನ್ ಮತ್ತು ಶಿನ್ ಸುಕ್‌ಜು ಇವರ ನಿಯೋಗಕ್ಕೆ ಎಷ್ಟು ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಯಿ ಯೆ 1445ರಲ್ಲಿ, ತನ್ನ 73ನೆಯ ವಯಸ್ಸಿನಲ್ಲಿ, ಇಹಲೋಕವನ್ನು ತ್ಯಜಿಸಿದನು. ರಾಜವೃತ್ತಾಂತವು ಆತನ ಜೀವಿತದ ಸಾರವನ್ನು ಮರಣದ ದಿನದ ಕೆಳಗೆ ದಾಖಲಿಸಿದೆ. ಆತನು ಮರಳಿ ತಂದವರ ಸಂಖ್ಯೆಯನ್ನು ಆಧುನಿಕ ಸಂಶೋಧಕರು ಕೂಡಿಸಿ 667 ಎಂದು ಎಣಿಸಿದ್ದಾರೆ.

ಇಲ್ಲಿಗೆ ಜೀವನಚರಿತ್ರೆ ಮುಗಿಯಿತೆನ್ನಬಹುದು. ಆದರೆ ಯಿ ಯೆಯ ಮರಣದ ಮರುವರ್ಷ, 1446ರಲ್ಲಿ, ಕೊರಿಯಾದ ಆಸ್ಥಾನದಲ್ಲಿ ಆಡಲ್ಪಟ್ಟ ಮಾತೊಂದು ಐದು ಶತಮಾನಗಳ ಬಳಿಕ ವಿದ್ವಲ್ಲೋಕದಲ್ಲಿ ದೊಡ್ಡ ಕೋಲಾಹಲವನ್ನೆಬ್ಬಿಸಿತು. ಯಿ ಸುನ್‌ಮೋಂಗ್ ಎಂಬ ಹಿರಿಯ ಸೇನಾಧಿಕಾರಿಯು ಅರಸನಿಗೆ ಸಲ್ಲಿಸಿದ ಬಿನ್ನಹದಲ್ಲಿ, ಗೋರ್ಯೊ ಕಾಲದ ಕೊನೆಯಲ್ಲಿ ಹಾವಳಿಯೆಬ್ಬಿಸಿದವರಲ್ಲಿ ನಿಜವಾದ ಜಪಾನೀಯರು ಹತ್ತರಲ್ಲಿ ಒಬ್ಬಿಬ್ಬರು ಮಾತ್ರ, ಉಳಿದವರು ಜಪಾನೀಯರ ಉಡುಪು ಧರಿಸಿದ ಸ್ವದೇಶೀಯರೇ ಎಂದು ಹೇಳಿದನು. ಈತನೂ 1419ರ ದಂಡಯಾತ್ರೆಯಲ್ಲಿ ತ್ಸುಶಿಮಾದಲ್ಲಿ ಹೋರಾಡಿದವನೇ. ಇದಲ್ಲದೆ 1382ರಲ್ಲಿ ಕೊರಿಯಾದ ಕೀಳೆಣಿಸಲ್ಪಟ್ಟ ಅಲೆಮಾರಿ ವರ್ಗದವರು ಜಪಾನೀ ದರೋಡೆಕೋರರ ವೇಷದಲ್ಲಿ ಸುಲಿಗೆ ಮಾಡಿದರೆಂಬ ಉಲ್ಲೇಖವು ಗೋರ್ಯೊ ಚರಿತ್ರೆಯಲ್ಲಿ ಉಂಟು.

ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ, ಸಾಮ್ರಾಜ್ಯದಾಹದ ಆ ದಿನಗಳಲ್ಲಿ, ಜಪಾನಿನ ಕೆಲವು ಬರಹಗಾರರು ಈ ಕಡಲ್ಗಳ್ಳರನ್ನು ಸಾಗರೋಲ್ಲಂಘನ ಮಾಡಿದ ಸಾಹಸಿಗಳೆಂದು ಕೊಂಡಾಡಿದ್ದರು. ಯುದ್ಧಾನಂತರದ ವಿದ್ವಾಂಸರು ಆ ಧೋರಣೆಯನ್ನು ತೊರೆದರು. 1987ರಲ್ಲಿ ತನಾಕಾ ತಾಕೆಯೋ ಎಂಬ ಹಿರಿಯ ಇತಿಹಾಸಜ್ಞರು ಮೇಲಿನ ಉಲ್ಲೇಖಗಳನ್ನು ಆಧಾರವಾಗಿಟ್ಟುಕೊಂಡು, ಹದಿನಾಲ್ಕನೆಯ ಶತಮಾನದ ದೊಡ್ಡ ದಾಳಿಗಳಲ್ಲಿ ಕೊರಿಯನ್ನರೂ ಬಹುಸಂಖ್ಯೆಯಲ್ಲಿ ಪಾಲ್ಗೊಂಡಿರಬೇಕೆಂದು ಪ್ರತಿಪಾದಿಸಿದರು. 1993ರಲ್ಲಿ ಮುರಾಯಿ ಶೋಸುಕೆ ಎಂಬವರು ಇನ್ನೂ ಮುಂದೆ ಹೋಗಿ, ಈ ಕಡಲವರನ್ನು ಜಪಾನೀಯರು ಅಥವಾ ಕೊರಿಯನ್ನರು ಎಂದು ವಿಭಾಗಿಸುವುದೇ ತಪ್ಪು. ಎರಡು ದೇಶಗಳ ಅಂಚಿನಲ್ಲಿ, ಬೆರಕೆಯ ನುಡಿ ಮತ್ತು ಉಡುಪಿನೊಡನೆ ಬಾಳಿದ ಗಡಿಯ ಜನ ಇವರು ಎಂದು ವಾದಿಸಿದರು. ಕೊರಿಯಾದಲ್ಲಿ ಇದು ತೀವ್ರ ಅಸಮಾಧಾನವನ್ನುಂಟುಮಾಡಿತು. 1999ರಲ್ಲಿ ಟೋಕಿಯೋ ನಗರದಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಕೊರಿಯಾದ ವಿದ್ವಾಂಸ ಲೀ ಯೋಂಗ್ ಅವರು, 1350ರ ದಾಳಿಗಳು ಕ್ಯೂಶೂವಿನ ಅಂತರ್ಯುದ್ಧದಲ್ಲಿ ಸೇನೆಗೆ ಬೇಕಾದ ಧಾನ್ಯಕ್ಕಾಗಿ ನಡೆದವೆಂದೂ, ಅವುಗಳ ಹಿಂದೆ ಅಲ್ಲಿಯ ಯೋಧಮನೆತನಗಳ ಕೈವಾಡವಿತ್ತೆಂದೂ ಪ್ರತಿವಾದವನ್ನು ಹೂಡಿದರು.

ಈ ವಾದಗಳನ್ನು ತೂಗಿ ನೋಡುವಾಗ ಮೂರು ಸಂಗತಿಗಳನ್ನು ಮರೆಯಲಾಗದು. ಮೊದಲನೆಯದಾಗಿ, ಯಿ ಸುನ್‌ಮೋಂಗನು ದಾಳಿಗಳ ಚರಿತ್ರೆಯನ್ನು ಬರೆಯಹೊರಟವನಲ್ಲ. ಪ್ರಜೆಗಳೆಲ್ಲರೂ ಗುರುತಿನ ಬಿಲ್ಲೆಯನ್ನು ಧರಿಸುವ ಕ್ರಮವನ್ನು ಮತ್ತೆ ಜಾರಿಗೆ ತರಬೇಕೆಂಬ ತನ್ನ ವಾದಕ್ಕೆ ಬೆಂಬಲವಾಗಿ, ಆರು ದಶಕಗಳ ಹಿಂದಿನ ಸಂಗತಿಯನ್ನು ಕೇಳಿದ ಮಾತಾಗಿ ಎತ್ತಿದನು. ಸಾಕ್ಷಿಯ ಮಾತನ್ನು ಒಪ್ಪುವ ಮುನ್ನ ಅದನ್ನು ಯಾರು, ಯಾವಾಗ, ಯಾವ ಪ್ರಯೋಜನಕ್ಕಾಗಿ ಹೇಳಿದರೆಂಬುದನ್ನು ವಿಚಾರಿಸುವುದು ಇತಿಹಾಸ ವಿದ್ಯಾರ್ಥಿಯ ಪ್ರಥಮ ಕರ್ತವ್ಯ. ಎರಡನೆಯದಾಗಿ, ಹದಿನಾರನೆಯ ಶತಮಾನದಲ್ಲಿ ಚೀನದ ತೀರದಲ್ಲಿ ವಾಕೋ ಎಂಬ ಹೆಸರಿನಿಂದಲೇ ಕರೆಯಲ್ಪಟ್ಟವರಲ್ಲಿ ಹೆಚ್ಚಿನವರು ಚೀನೀಯರಾಗಿದ್ದರೆಂಬುದು ಸಿದ್ಧವಾದ ಮಾತು; ಆದರೆ ಇನ್ನೂರು ವರ್ಷಗಳ ಹಿಂದಿನ ಕೊರಿಯಾದ ದಾಳಿಗಳಿಗೆ ಅದೇ ಲಕ್ಷಣವನ್ನು ಆರೋಪಿಸುವುದು ಸಲ್ಲದು. ಮೂರನೆಯದಾಗಿ, ಯಿ ಯೆಯ ಜೀವಿತವೇ ಒಂದು ಸಾಕ್ಷ್ಯ. ಸೆರೆಯಾಳುಗಳನ್ನು ಹುಡುಕಲು ಆತನು ಹೋದದ್ದು ತ್ಸುಶಿಮಾಕ್ಕೆ, ಇಕಿಗೆ, ಕ್ಯೂಶೂವಿಗೆ ಮತ್ತು ಅಲ್ಲಿಂದ ಸರಕು ಸಾಗುತ್ತಿದ್ದ ರ್ಯೂಕ್ಯೂವಿಗೆ. ಅವರು ದೊರೆತದ್ದೂ ಅಲ್ಲಿಯೇ.

ಹಾಗೆಂದು ಮುರಾಯಿ ಅವರ ಮಾತಿನಲ್ಲಿ ಹುರುಳಿಲ್ಲವೆನ್ನಲಾಗದು. ಸೆರೆಯಾಳುಗಳನ್ನು ತನ್ನ ಹಡಗಿನಲ್ಲಿ ತಂದುಬಿಟ್ಟ ಜಪಾನೀಯನೂ, ದರೋಡೆಯನ್ನು ಹತ್ತಿಕ್ಕಲು ಯತ್ನಿಸಿದ ಸೋ ಸದಾಶಿಗೆಯೂ, ಗುಮಾಸ್ತನ ನಿಷ್ಠೆಗೆ ತಲೆದೂಗಿದ ಕಡಲ್ಗಳ್ಳರೂ ಇದೇ ಕಥೆಯಲ್ಲಿದ್ದಾರೆ. ಒಂದೇ ದ್ವೀಪದಲ್ಲಿ ಸುಲಿಯುವವನೂ ಸಂಧಿ ಮಾಡುವವನೂ ನೆರೆಹೊರೆಯವರಾಗಿದ್ದರು. ಎಷ್ಟೋ ವೇಳೆ ಇಬ್ಬರೂ ಒಬ್ಬನೇ ಆಗಿದ್ದನು. ಯಿ ಯೆ ಇದನ್ನು ಪುಸ್ತಕದಿಂದ ಕಲಿಯಲಿಲ್ಲ. ತಾಯಿಯನ್ನು ಒಯ್ದವರ ನಾಡಿನಲ್ಲಿ ನಾಲ್ಕು ದಶಕಗಳ ಕಾಲ ಓಡಾಡಿ, ಯಾರೊಡನೆ ಮಾತನಾಡಬಹುದು, ಯಾರೊಡನೆ ಕೂಡದು ಎಂಬುದನ್ನು ಒಬ್ಬೊಬ್ಬರನ್ನೂ ಕಂಡು ಅರಿತನು. ಗಡಿಯ ಜನ ಎಂಬ ಪದವು ಅಪರಾಧವನ್ನು ಮರೆಸುವ ಮುಸುಕಾಗಬಾರದು. ಜಪಾನೀಯರು ಎಂಬ ಪದವು ಇಡೀ ಜನಾಂಗದ ಮೇಲೆ ಹೊರಿಸಿದ ಕಳಂಕವೂ ಆಗಬಾರದು. ಈ ಎರಡು ಎಚ್ಚರಗಳನ್ನು ಆತನ ಬಾಳು ನಮಗೆ ಏಕಕಾಲದಲ್ಲಿ ಕಲಿಸುತ್ತದೆ.

ಮುಂದಿನ ಚರಿತ್ರೆ ಸುಖಕರವಾದುದಲ್ಲ. 1592ರಲ್ಲಿ ಹಿದೆಯೋಶಿಯ ಸೇನೆಗಳು ಕೊರಿಯಾವನ್ನು ಆಕ್ರಮಿಸಿ ಅಪಾರ ಸಂಖ್ಯೆಯ ಜನರನ್ನು ಸೆರೆಯೊಯ್ದವು. ಆದರೂ 1607ರಿಂದ 1811ರವರೆಗೆ ಕೊರಿಯಾದ ರಾಯಭಾರಿಗಳು ಹನ್ನೆರಡು ಬಾರಿ ಜಪಾನಿಗೆ ಹೋಗಿಬಂದರು. ಮೊದಲ ನಿಯೋಗಗಳ ಮುಖ್ಯ ಕಾರ್ಯವು ಸೆರೆಯಾಳುಗಳನ್ನು ಮರಳಿ ತರುವುದೇ ಆಗಿತ್ತು. ಯಿ ಯೆ ಸವೆಸಿದ ಹಾದಿಯಲ್ಲಿಯೇ ಅವರು ನಡೆದರು. ಆ ನಿಯೋಗಗಳ ದಾಖಲೆಗಳು 2017ರಲ್ಲಿ ಯುನೆಸ್ಕೋ ಸಂಸ್ಥೆಯ ವಿಶ್ವಸ್ಮೃತಿ ಪಟ್ಟಿಗೆ ಸೇರಿದವು. ಕೋರಿಕೆಯನ್ನು ಸಲ್ಲಿಸಿದವರು ಎರಡೂ ದೇಶಗಳವರು. ಉಲ್ಸಾನಿನಲ್ಲಿ ಯಿ ಯೆಯ ಸ್ಮರಣೆಗಾಗಿ ಸೋಕ್‌ಗ್ಯೆ ವಿದ್ಯಾಪೀಠವಿದೆ. ಕೊರಿಯಾದ ವಿದೇಶಾಂಗ ಖಾತೆಯು 2010ರಲ್ಲಿ ಆತನನ್ನು ಸ್ಮರಣಾರ್ಹ ರಾಜತಂತ್ರಜ್ಞನೆಂದು ಆರಿಸಿತು. ಇವೆಲ್ಲಕ್ಕಿಂತ ಹೃದಯಂಗಮವಾದುದು 2005ರಲ್ಲಿ ತ್ಸುಶಿಮಾದ ಎಂತ್ಸೂಜಿ ಎಂಬ ಬೌದ್ಧ ದೇವಾಲಯದಲ್ಲಿ ಸ್ಥಾಪಿತವಾದ ಆತನ ಸ್ಮಾರಕ ಶಿಲೆ. ತಾಯಿಯನ್ನು ಅರಸುತ್ತ ಆತನು ಮನೆಮನೆಯ ಬಾಗಿಲು ತಟ್ಟಿದ ನೆಲ ಅದು.

ಆ ತಾಯಿಯ ಹೆಸರನ್ನು ರಾಜವೃತ್ತಾಂತವು ಹೇಳುವುದಿಲ್ಲ. ಮರಳಿ ಬಂದ 667 ಮಂದಿಯಲ್ಲಿ ಬಹುತೇಕರ ಹೆಸರುಗಳೂ ಅದರಲ್ಲಿಲ್ಲ. ವಿದ್ವಾಂಸರ ವಾದವಿವಾದಗಳು ನಡೆಯುತ್ತಿರಲಿ, ನಡೆಯಬೇಕಾದುದೇ. ಆದರೆ ಕಡಲ್ಗಳ್ಳರು ಯಾವ ಜನಾಂಗದವರೆಂದು ಎಣಿಸುವ ಉತ್ಸಾಹದಲ್ಲಿ, ಅವರ ಕೈಗೆ ಸಿಕ್ಕವರನ್ನು ಎಣಿಸಲು ನಾವು ಮರೆಯದಿರೋಣ. ವಿದ್ಯಾರ್ಥಿಗಳಿಗೆ ಇತಿಹಾಸವನ್ನು ಬೋಧಿಸುವ ಉಪಾಧ್ಯಾಯ ಬಂಧುಗಳು ದಾಖಲೆಯ ಪ್ರತಿಯೊಂದು ಸಂಖ್ಯೆಯ ಹಿಂದೆಯೂ ಒಂದು ಮನೆ, ಒಂದು ಹೊಸ್ತಿಲು, ಅಲ್ಲಿ ಕಾದು ಕುಳಿತ ಒಂದು ಮಗು ಇದ್ದುದನ್ನು ತೋರಿಸಿಕೊಟ್ಟರೆ ಯಿ ಯೆಯ ಸ್ಮರಣೆಗೆ ಅದಕ್ಕಿಂತ ಮಿಗಿಲಾದ ಗೌರವವಿಲ್ಲ.